ಕಮಲಾಕ್ಷಿ ಅತ್ತೆಯ ಸೋಪಿನ ಡಬ್ಬಿ

ವಿಜಯವಾಡದ ಪಟಮಟದಲ್ಲಿರುವ ಕಮಲಾಕ್ಷಿ ಅತ್ತೆಯ ಮನೆಗೆ ಮೊದಲ ಸಲ ಹೋದಾಗ ನಾನು ಒಂದು ಸೋಪಿನ ಡಬ್ಬಿಗೆ ಕೈಮುಗಿದೆ.

ತಪ್ಪು ಪೂರ್ತಿ ನನ್ನದಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ಡಬ್ಬಿ ಬಾಗಿಲ ಪಕ್ಕದ ಗೋಡೆಯಲ್ಲಿ ಕಣ್ಣೆತ್ತರಕ್ಕಿತ್ತು. ಮೇಲೆ ಅರಿಶಿನ, ಕುಂಕುಮ, ಒಣಗಿದ ಒಂದು ಚೆಂಡುಹೂವು. ಒಳಗಿಂದ ಹಸಿರು ದೀಪವೊಂದು ಮಿಣುಕುತ್ತಿತ್ತು. ತೆಲುಗರ ಮನೆ, ನನಗೆ ಗೊತ್ತಿಲ್ಲದ ಯಾವುದೋ ಅಮ್ಮನವರಿರಬೇಕು ಅಂದುಕೊಂಡೆ. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಪ್ರಮೋಷನ್ ಬೇಡಿಕೊಂಡೆ. ಕಣ್ಣು ಬಿಟ್ಟಾಗ ಅತ್ತೆ ಸೌಟು ಹಿಡಿದು ಎದುರಿಗೆ ನಿಂತಿದ್ದರು.

“ಏನೋ ಮಾಡ್ತಿದ್ದೀಯ ಚಿರಂತ?”

“ನಮಸ್ಕಾರ ಮಾಡ್ದೆ ಅತ್ತೆ. ಯಾವ ದೇವರು ಇದು?”

“ಅದು ಕಂಪ್ಯೂಟರ್ ಕಣೋ. ಆಯುಧಪೂಜೇಲಿ ಕುಂಕುಮ ಇಟ್ಟಿದ್ದು, ಒರೆಸಿಲ್ಲ ಅಷ್ಟೆ. ನೀನು ಓದಿದ್ದು ಏನು ಅಂದೆ?”

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಕೆಲಸ ಮಾಡುವುದು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲಿನ ಆಫೀಸಿನಲ್ಲಿ. ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಊರಲ್ಲಿ ಹೇಳಿಕೊಂಡಿದ್ದೇನೆ. ಆ ಕಿಟಕಿ ಮ್ಯಾನೇಜರರದು ಎಂದು ಹೇಳಿಲ್ಲ. ಬಾಗಿಲು ತೆರೆದರೆ ಮಾಲೀಕರ ಫೋನಿಗೆ ಸುದ್ದಿ ಮುಟ್ಟಿಸುವ ಬಿಳಿ ಪೆಟ್ಟಿಗೆಗಳನ್ನು ಮಾಡಿ ಮಾರುವ ಕಂಪನಿ ನಮ್ಮದು. ಅದೇ ಕೆಲಸವನ್ನು ಒಂದು ಸೋಪಿನ ಡಬ್ಬಿ ಮಾಡುತ್ತಿದ್ದುದು ನನಗೆ ಗುರುತೇ ಸಿಗಲಿಲ್ಲ.

ಡಬ್ಬಿಯೊಳಗಿದ್ದದ್ದು ಎಟಿಎಂ ಕಾರ್ಡಿನಷ್ಟಗಲದ ಒಂದು ಬೋರ್ಡು. ಪರದೆಯಿಲ್ಲ, ಕೀಲಿಮಣೆಯಿಲ್ಲ, ಆದರೂ ಪೂರ್ತಿ ಕಂಪ್ಯೂಟರೇ. ಮೊಬೈಲಿನ ಚಾರ್ಜರು ಸಿಕ್ಕಿಸಿದರೆ ಸಾಕು, ಹೇಳಿದ ಕೆಲಸವನ್ನು ಬೇಸರವಿಲ್ಲದೆ ಮಾಡಿಕೊಂಡಿರುತ್ತದೆ. ಅತ್ತೆ ಅದಕ್ಕೆ ಎರಡು ಕೆಲಸ ಹೇಳಿದ್ದರು. ಮೇಲಿನ ಟ್ಯಾಂಕು ತುಂಬಿದರೆ ಮೋಟಾರು ನಿಲ್ಲಿಸಬೇಕು. ಬೀದಿಬಾಗಿಲು ತೆರೆದರೆ ಅಡುಗೆಮನೆಯಲ್ಲಿ ಗಂಟೆ ಹೊಡೆಯಬೇಕು.

ಎರಡನೆಯ ಕೆಲಸ ಅಜ್ಜಿಗಾಗಿ. ಅಜ್ಜಿ ಎಂದರೆ ಅತ್ತೆಯ ಅತ್ತೆ, ರಾಜ್ಯಲಕ್ಷ್ಮಿ, ಎಂಬತ್ತೆರಡು ವರ್ಷ. ಮೂರು ವರ್ಷದಿಂದ ಮರೆವಿನ ಕಾಯಿಲೆ. ಮಗನ ಹೆಸರು ಮರೆತಿದೆ, ತಿಂದದ್ದು ಮರೆಯುತ್ತದೆ, ಆದರೆ ಕೈಗೆ ಮುಗ್ಗು ಮರೆತಿಲ್ಲ. ನಮ್ಮ ರಂಗೋಲಿಯೇ ಅವರ ಮುಗ್ಗು. ಬೆಳಗಾಗಿದೆ ಎಂದು ತಲೆಗೆ ಹೊಳೆದಾಗೆಲ್ಲ, ಅದು ದಿನಕ್ಕೆ ನಾಲ್ಕೈದು ಸಲ ಹೊಳೆಯುತ್ತದೆ, ಬಾಗಿಲ ಪಕ್ಕದ ಕಪಾಟಿನಿಂದ ಮುಗ್ಗಿನ ಹಿಟ್ಟಿನ ಡಬ್ಬಿ ತೆಗೆದುಕೊಂಡು ಹೊರಗೆ ಹೋಗುತ್ತಾರೆ, ನೀರು ಚಿಮುಕಿಸುತ್ತಾರೆ, ಚುಕ್ಕಿ ಇಡುತ್ತಾರೆ, ಗೆರೆ ಎಳೆಯುತ್ತಾರೆ, ಒಳಗೆ ಬಂದು ಡಬ್ಬಿಯನ್ನು ಅದೇ ಜಾಗದಲ್ಲಿಡುತ್ತಾರೆ. ಒಮ್ಮೊಮ್ಮೆ ಒಳಗೆ ಬರುವುದು ಮರೆತುಹೋಗುತ್ತದೆ. ಬೀದಿಯ ಕೊನೆಗೆ ರಸ್ತೆ, ರಸ್ತೆಯಾಚೆ ಕಾಲುವೆ.

ಕಮಲಾಕ್ಷಿ ಅತ್ತೆ ತಿಪಟೂರಿನವರು, ನಮ್ಮಪ್ಪನ ಚಿಕ್ಕಪ್ಪನ ಮಗಳು. ಕೊಬ್ಬರಿ ಕೊಳ್ಳಲು ಅನಕಾಪಲ್ಲಿಯ ಬೆಲ್ಲದ ಮಂಡಿಯಿಂದ ಬಂದ ಸೂರ್ಯಪ್ರಕಾಶ ಎಂಬ ಗುಮಾಸ್ತರನ್ನು ಮೆಚ್ಚಿ, ಮನೆಯಲ್ಲಿ ಎರಡು ವರ್ಷ ಜಗಳವಾಡಿ ಮದುವೆಯಾದರು. ಮಾವ ಈಗಲೂ ಅನಕಾಪಲ್ಲಿಯಲ್ಲೇ ದುಡಿಯುತ್ತಾರೆ, ಹದಿನೈದು ದಿನಕ್ಕೊಮ್ಮೆ ಬೆಲ್ಲದ ವಾಸನೆಯೊಂದಿಗೆ ಮನೆಗೆ ಬರುತ್ತಾರೆ. ಅತ್ತೆ ವಿಜಯವಾಡದ ಒಂದು ಖಾಸಗಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಆಗಿದ್ದರು. ಬೆಸುಗೆ ಹಾಕುವುದು, ಸುಟ್ಟ ಮೀಟರಿಗೆ ಜೀವ ಕೊಡುವುದು, ಯಾವ ವೈರು ಎಲ್ಲಿ ಕೆಟ್ಟಿದೆ ಎಂದು ಮೂಗಿನಿಂದಲೇ ಹೇಳುವುದು ಎಲ್ಲ ಅಲ್ಲಿ ಕಲಿತದ್ದು. ಲೆಕ್ಚರರ್‌ಗಳು ಪಾಠ ಹೇಳುತ್ತಿದ್ದರು, ಪ್ರಯೋಗ ಅತ್ತೆ ಮಾಡಿಸುತ್ತಿದ್ದರು. ಸರ್ಟಿಫಿಕೇಟಿನಲ್ಲಿ ಲೆಕ್ಚರರ್‌ಗಳ ಸಹಿ.

ಆಮೇಲೆ ಕಾಲೇಜು ಕೈ ಬದಲಾಯಿತು. ಹೊಸಬರಿಗೆ ಬೇಕಾದದ್ದು ರ್‍ಯಾಂಕು. ರ್‍ಯಾಂಕಿಗೆ ಪ್ರಯೋಗ ಬೇಡ, ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕಿದರೆ ಸಾಕು. ತಪಾಸಣೆಗೆ ಬರುವವರಿಗೆ ತೋರಿಸಲೆಂದು ಇಂಥ ಹತ್ತು ಬೋರ್ಡುಗಳನ್ನು ತಂದು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತಪಾಸಣೆ ಮುಗಿಯಿತು. ಲ್ಯಾಬಿನಲ್ಲಿ ಬೆಂಚು ಹಾಕಿ ಎರಡು ಸೆಕ್ಷನ್ ಕೂರಿಸಿದರು. ಬೋರ್ಡುಗಳು ಸೀಲು ಒಡೆಯದೆ ಗುಜರಿಗೆ ಹೋದವು. ಅದೇ ವಾರ ಅತ್ತೆಯೂ ಮನೆಗೆ ಬಂದರು. ಗುಜರಿಯವನಿಂದ ಎರಡು ಬೋರ್ಡು, ಕಾಲೇಜಿನ ಹಳೆಯ ಕರೆಂಟ್ ಗಂಟೆ ಎರಡು ಬಿಡಿಸಿಕೊಂಡು ಬಂದರು.

“ಒಂದು ಮಗು ಮುಟ್ಟಿಲ್ಲ ಕಣೋ ಅದನ್ನ,” ಎಂದು ಹೇಳುವಾಗ ಅವರ ದನಿ ಈಗಲೂ ಗಡುಸಾಗುತ್ತದೆ. “ಒಂದೇ ಒಂದು ಮಗು. ಮುಟ್ಟಿ ಸುಟ್ಟಿದ್ರೂ ನಂಗೆ ಸಂತೋಷ ಆಗ್ತಿತ್ತು.”

ಪಕ್ಕದ ಬೀದಿಯ ಡಿಪ್ಲೊಮಾ ಹುಡುಗಿ ಪ್ರತ್ಯೂಷಾಳಿಗೆ ಹಪ್ಪಳ ಕೊಟ್ಟು, ಅವಳಿಂದ ಪ್ರೋಗ್ರಾಂ ಬರೆಯುವುದನ್ನು ಆರು ತಿಂಗಳಲ್ಲಿ ಕಲಿತರು. ಹೀಗೆ ಹುಟ್ಟಿದ ಡಬ್ಬಿ ಅದು.

ಅದನ್ನು ಗೋಡೆಯಿಂದ ಕಿತ್ತವನು ನಾನು.

ಕೈಮುಗಿದ ಅವಮಾನ ತೀರಿಸಿಕೊಳ್ಳಬೇಕಿತ್ತೇನೋ, ಗೊತ್ತಿಲ್ಲ. ಮುಂದಿನ ಸಲ ಬರುವಾಗ ನಮ್ಮ ಕಂಪನಿಯ ಪೆಟ್ಟಿಗೆ ತಂದೆ. ಅತ್ತೆಯ ಡಬ್ಬಿಗೆ ಒಂದು ಕೊರತೆ ಇದ್ದದ್ದು ನಿಜ. ಗಂಟೆ ಮನೆಯೊಳಗೆ ಹೊಡೆಯುತ್ತಿತ್ತು. ಅತ್ತೆ ತರಕಾರಿಗೆ ಹೋದರೆ ಕೇಳುವವರಿಲ್ಲ. ಹೊರಗೆ ಹೋಗುವಾಗೆಲ್ಲ ಯಾರನ್ನಾದರೂ ಬೇಡಿ ಮನೆಯಲ್ಲಿ ಕೂರಿಸಬೇಕಿತ್ತು.

“ಇದು ಫೋನಿಗೇ ಬರುತ್ತೆ ಅತ್ತೆ. ನೀವು ಕಾಶಿಲಿದ್ರೂ ಗೊತ್ತಾಗುತ್ತೆ.”

“ನಾನ್ಯಾಕೆ ಕಾಶಿಗೆ ಹೋಗ್ಲಿ? ರೈತು ಬಜಾರಿಗೆ ಹೋದಾಗ ಗೊತ್ತಾದ್ರೆ ಸಾಕು.” ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ದೀಪ ಎಲ್ಲೋ ಇದಕ್ಕೆ?”

“ದೀಪ ಬೇಡ ಅಂತ ಡಿಸೈನ್ ಟೀಮಿನವರು ತೆಗೆದ್ರು. ಗೋಡೆ ಮೇಲೆ ಚೆನ್ನಾಗಿ ಕಾಣಲ್ಲ ಅಂತೆ.”

“ಬದುಕಿದೆಯೋ ಸತ್ತಿದೆಯೋ ಹೆಂಗೆ ತಿಳಿಯುತ್ತೆ?”

ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗ ಕೆನ್ನೆಗೆ ಬಾರಿಸಿಕೊಳ್ಳಬೇಕೆನಿಸುತ್ತದೆ. ಅದು ನಮ್ಮ ಸರ್ವರ್ ಜೊತೆ ಸದಾ ಮಾತಾಡುತ್ತಿರುತ್ತದೆ, ಸಾಯುವ ಮಾತೇ ಇಲ್ಲ ಎಂದೆ. ಸೋಪಿನ ಡಬ್ಬಿ ಅಟ್ಟ ಸೇರಿತು. ಟ್ಯಾಂಕಿನ ಕೆಲಸ ಮತ್ತೆ ಅತ್ತೆಯ ಕೊರಳಿಗೆ ಬಿತ್ತು.

ಎಂಟು ತಿಂಗಳು ಪೆಟ್ಟಿಗೆ ಕೆಲಸ ಮಾಡಿತು. ಆಮೇಲೆ ಋಷಿಕೊಂಡದ ಒಂದು ಮೀಟಿಂಗಿನಲ್ಲಿ, ಸಮೋಸ ತಿನ್ನುತ್ತಾ, ಹಳೆಯ ಮಾಡೆಲ್ಲಿನ ಸರ್ವರನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ಪೆಟ್ಟಿಗೆ ಕೆಟ್ಟಿರಲಿಲ್ಲ. ಬಾಗಿಲು ಮೊದಲಿನ ಹಾಗೇ ತೆರೆಯುತ್ತಿತ್ತು, ಅಜ್ಜಿ ಮೊದಲಿನ ಹಾಗೇ ಮರೆಯುತ್ತಿದ್ದರು. ಹೊಸ ಮಾಡೆಲ್ ಮಾರಬೇಕಿತ್ತು, ಅಷ್ಟೆ. ಗ್ರಾಹಕರಿಗೆ ತಿಳಿಸುವ ಮೇಲ್ ಬರೆಯಲು ಹೇಳಿದ್ದು ನನಗೆ. ಮೊದಲ ಸಾಲಿನಲ್ಲೇ ಬರೆದೆ: ಇಂಥ ತಾರೀಖಿನಿಂದ ನಿಮ್ಮ ಪೆಟ್ಟಿಗೆ ಕೆಲಸ ಮಾಡುವುದಿಲ್ಲ. ಟೋನ್ ಸರಿಯಿಲ್ಲ ಎಂದರು. ಆ ಮಾತನ್ನು ಮೂರನೆಯ ಪ್ಯಾರಾಕ್ಕೆ ಇಳಿಸಿದೆ. ಇನ್ನೂ ಸರಿಯಿಲ್ಲ ಎಂದರು. ಐದಕ್ಕೆ ಇಳಿಸಿದೆ. ಮೇಲೆ ನಮ್ಮ ಪಯಣ, ನಿಮ್ಮ ನಂಬಿಕೆ, ಹೊಸ ಹೆಜ್ಜೆ ಎಂದು ನಾಲ್ಕು ಪ್ಯಾರಾ ಇಂಗ್ಲಿಷಿನಲ್ಲಿ ತುಂಬಿಸಿದೆ. ಎಲ್ಲರೆದುರು ನನ್ನ ಭಾಷೆಯನ್ನು ಹೊಗಳಿದರು. ಹಲ್ಲು ಕಿರಿದೆ.

ಆ ಮೇಲ್ ಹೋದ ಪಟ್ಟಿಯಲ್ಲಿ ಕಮಲಾಕ್ಷಿ ಅತ್ತೆಯ ಹೆಸರೂ ಇತ್ತು. ಹಾಕಿದವನು ನಾನೇ, ಅವರ ಖಾತೆ ತೆರೆದುಕೊಟ್ಟದ್ದು ನಾನೇ. ಅವರಿಗೊಂದು ಫೋನ್ ಮಾಡಬೇಕು ಎಂದು ಹೊಳೆಯಲೇ ಇಲ್ಲ. ಗ್ರಾಹಕರು ಎಂಬ ಪದ ಬರೆಯುವಾಗ ಕಣ್ಣೆದುರು ಯಾರ ಮುಖವೂ ಬರದ ಹಾಗೆ ನಮಗೆ ಸಂಬಳ ಕೊಟ್ಟು ಕಲಿಸುತ್ತಾರೆ.

ಸರ್ವರ್ ನಿಂತ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ರೈತು ಬಜಾರಿನಲ್ಲಿದ್ದರು. ಮುಂದಿನದನ್ನು ಅವರೇ ಹೇಳಿದ್ದು:

“ಫೋನ್ ಕೈಯಲ್ಲೇ ಇತ್ತು. ಸುಮ್ಮನಿತ್ತು. ಸುಮ್ಮನಿದೆ ಅಂದ್ರೆ ಅತ್ತಯ್ಯ ಮನೇಲಿದ್ದಾರೆ ಅಂತ ನಾನು ಬೆಂಡೆಕಾಯಿ ತುದಿ ಮುರಿದು ಮುರಿದು ನೋಡ್ತಾ ನಿಂತಿದ್ದೆ ಕಣೋ.”

ಅತ್ತಯ್ಯ, ಅಂದರೆ ಅಜ್ಜಿ, ಮುಗ್ಗಿನ ಡಬ್ಬಿ ಹಿಡಿದು ಹೊರಟಿದ್ದರು. ತಮ್ಮ ಮನೆ ಮುಂದೆ ಹಾಕಿದರು, ಪಕ್ಕದ ಮನೆ ಮುಂದೆ ಹಾಕಿದರು, ಬೀದಿಯ ಹನ್ನೊಂದು ಬಾಗಿಲಿಗೂ ಹಾಕಿದರು. ಜನ ನೋಡಿದ್ದಾರೆ. ಪಾಪ, ಮುದುಕಿ ಚೆನ್ನಾಗಿ ಹಾಕ್ತಾರೆ ಎಂದು ಒಬ್ಬರು ಫೋಟೋನೂ ತೆಗೆದಿದ್ದಾರೆ. ಆಮೇಲೆ ಬಾಗಿಲುಗಳು ಮುಗಿದವು. ರಸ್ತೆ ದಾಟಿದರು. ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಹಾಕುವ ಬಾಬ್ಜಿ, ಬಟ್ಟೆ ಕೊಟ್ಟು ಬರುವಾಗ ಕಾಲುವೆಯ ಮೆಟ್ಟಿಲ ಮೇಲೆ ಬಿಳಿ ಗೆರೆ ಕಂಡು ಬಗ್ಗಿ ನೋಡಿದ. ಅಜ್ಜಿ ಕೊನೆಯ ಮೆಟ್ಟಿಲಲ್ಲಿ ಕೂತಿದ್ದರು. ನೀರು ಬಂದು ಬಂದು ಗೆರೆಯನ್ನು ತೊಳೆಯುತ್ತಿತ್ತು. ಅಜ್ಜಿ ಮತ್ತೆ ಎಳೆಯುತ್ತಿದ್ದರು. ಪ್ರತಿ ಸಲವೂ ಇನ್ನಷ್ಟು ಮುಂದಕ್ಕೆ ಬಗ್ಗುತ್ತಿದ್ದರು. ಬಾಬ್ಜಿ ಅವರ ಸೊಂಟ ಬಳಸಿ ಎತ್ತಿದಾಗ ಅವನ ಕೆನ್ನೆಗೆ ಹೊಡೆದರಂತೆ, ಮುಗ್ಗು ಅರ್ಧಕ್ಕೆ ನಿಲ್ಲಿಸಿದ ಎಂದು.

ಸುದ್ದಿ ನನಗೆ ಹೇಳಿದ್ದು ಮಾವ, ಅನಕಾಪಲ್ಲಿಯಿಂದ. ನಾನು ವಿಜಯವಾಡಕ್ಕೆ ಬರುವಷ್ಟರಲ್ಲಿ ನಾಲ್ಕು ದಿನವಾಗಿತ್ತು. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಕೇಳಿರಲಿಲ್ಲ.

ಬೀದಿಬಾಗಿಲಿನ ಹೊರಗಿನ ಕಬ್ಬಿಣದ ಗ್ರಿಲ್ಲಿಗೆ ಬೀಗ ಬಿದ್ದಿತ್ತು. ಮಾವ ಹಾಕಿಸಿದ್ದು. ಗ್ರಿಲ್ಲಿನ ಒಳಗೆ ಅಜ್ಜಿ ಡಬ್ಬಿ ಹಿಡಿದು ನಿಂತಿದ್ದರು. ಬಲಗೈಯ ಗೆಣ್ಣುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಗ್ರಿಲ್ಲು ಬಡಿದೂ ಬಡಿದೂ.

“ಎವರು ಬಾಬು?” ಎಂದು ಕೇಳಿದರು. ಯಾರಪ್ಪ ನೀನು ಎಂದು ಪ್ರತಿ ಸಲವೂ ಕೇಳುತ್ತಾರೆ. ಆ ದಿನ ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಡುಮನೆಯ ನೆಲದ ತುಂಬ ಮುಗ್ಗು. ಸೋಫಾದ ಕೆಳಗೆ, ಟೀವಿಯ ಮುಂದೆ, ಬೀಗ ಹಾಕಿದ ಬಾಗಿಲ ಒಳಬದಿಗೆ ಒಂದರ ಮೇಲೊಂದು. ಕಾಲಿಡಲು ಜಾಗವಿರಲಿಲ್ಲ. ಅತ್ತೆ ಒರೆಸಿರಲಿಲ್ಲ.

“ನೋಡ್ಕೋ,” ಎಂದರು. “ಹೊರಗೆ ಹಾಕೋದನ್ನ ಒಳಗೆ ಹಾಕೋ ಹಾಗೆ ಮಾಡಿದ್ದೀಯ.”

“ಅತ್ತೆ, ನಾನು...”

“ನಿನ್ನ ಮೇಲ್ ಓದಿಸ್ಕೊಂಡೆ ಪ್ರತ್ಯೂಷಾ ಹತ್ರ. ಐದನೇ ಪ್ಯಾರಾ ತನಕ ಓದಿದ್ಳು. ಚೆನ್ನಾಗಿ ಬರೆದಿದ್ದಾನೆ ಅಂದ್ಳು. ನೀನಾ ಬರೆದಿದ್ದು?”

ಸುಳ್ಳು ಹೇಳಬಹುದಿತ್ತು. “ನಾನೇ,” ಎಂದೆ.

ಅವರು ಕೂಗಾಡಲಿಲ್ಲ. ಗೋಡೆಯಿಂದ ನಮ್ಮ ಬಿಳಿ ಪೆಟ್ಟಿಗೆ ಕಿತ್ತು ನನ್ನ ಕೈಗಿಟ್ಟರು. “ಇದಕ್ಕೂ ನಮ್ಮ ಕಾಲೇಜಿನ ಗಾಜಿನ ಕಪಾಟಿಗೂ ಏನೋ ವ್ಯತ್ಯಾಸ? ಅದೂ ತೋರಿಸೋದಕ್ಕೆ, ಇದೂ ತೋರಿಸೋದಕ್ಕೆ. ನಮ್ಮ ಮನೆ ಬಾಗಿಲು ತೆಗೆದಿದ್ದು ಋಷಿಕೊಂಡದ ಗುಡ್ಡಕ್ಕೆ ಯಾಕೋ ಗೊತ್ತಾಗಬೇಕು ಮೊದಲು? ಗುಡ್ಡ ಓಡಿ ಬಂದು ಅತ್ತಯ್ಯನ್ನ ಹಿಡ್ಕೊಳ್ಳುತ್ತಾ?”

ಅಷ್ಟರಲ್ಲಿ ಮಾವನ ಫೋನ್ ಬಂತು. ಸ್ಪೀಕರಿನಲ್ಲಿ ಅವರ ದನಿ ದಣಿದಿತ್ತು. ಬೀಗ ತೆಗೆಯಬೇಡ, ಅಮ್ಮ ಬದುಕಿದ್ದರೆ ಸಾಕು ಎಂದರು.

“ಬೀಗ ಹಾಕಿದ್ರೆ ಅವರು ಬದುಕಿರಲ್ಲ ರೀ,” ಎಂದರು ಅತ್ತೆ. “ಕೈ ನೋಡಿದೀರಾ ನಿಮ್ಮಮ್ಮಂದು? ಎರಡು ದಿನದಿಂದ ಊಟ ಬಿಟ್ಟಿದ್ದಾರೆ. ಬೆಳಗಾಗಿದೆ, ಮನೆ ಮುಂದೆ ಮುಗ್ಗಿಲ್ಲ, ಯಾರೋ ಸತ್ತಿದ್ದಾರೆ ಅಂತ ಅಳ್ತಾರೆ. ಸಾವಿನ ಮನೆ ಮುಂದೆ ತಾನೇ ಮುಗ್ಗು ಇರಲ್ಲ? ಭಾನುವಾರ ಬರ್ತೀರಲ್ಲ, ಬನ್ನಿ. ಅಷ್ಟರೊಳಗೆ ನಾನು ದಾರಿ ಮಾಡದೇ ಹೋದ್ರೆ ಬೀಗದ ಕೈ ನಿಮ್ಮ ಕೈಗೇ ಕೊಡ್ತೀನಿ.”

ಗುರುವಾರ ಅದು. ಭಾನುವಾರಕ್ಕೆ ಮೂರೇ ದಿನ.

ಅಟ್ಟದಿಂದ ಸೋಪಿನ ಡಬ್ಬಿ ಇಳಿಯಿತು. ನಾನು ನನ್ನ ಲ್ಯಾಪ್‌ಟಾಪ್ ತೆರೆದು, ಪಶ್ಚಾತ್ತಾಪದ ಹುಮ್ಮಸ್ಸಿನಲ್ಲಿ, ಕ್ಯಾಮೆರಾ ಇಡೋಣ, ಮುಖ ಗುರುತಿಸೋಣ ಎಂದು ಶುರುಮಾಡಿದೆ.

“ಮುಚ್ಚು ಅದನ್ನ,” ಎಂದರು. “ಕೂತ್ಕೊಂಡು ಅವರನ್ನ ನೋಡು. ನಿಮ್ಮ ಆಫೀಸಲ್ಲಿ ಯಾರೂ ಮಾಡದ ಕೆಲಸ ಅದು.”

ಬೀಗ ತೆಗೆದು ನಾವಿಬ್ಬರೂ ಹೊರಗಿನ ಜಗಲಿಯಲ್ಲಿ ಕೂತೆವು. ಅತ್ತೆ ಕೈಗಡಿಯಾರ ಹಿಡಿದಿದ್ದರು. ಗುರುವಾರ ಅಜ್ಜಿ ನಾಲ್ಕು ಸಲ ಬಂದರು, ಪ್ರತಿ ಸಲ ಏಳು ನಿಮಿಷದೊಳಗೆ ಮುಗ್ಗು ಮುಗಿಸಿದರು. ಇನ್ನೊಂದು ಸಲ ಡಬ್ಬಿ ಮುಟ್ಟದೆ, ಚೀಲ ಹಿಡಿದು ಬಂದರು. ತವರಿಗೆ ಹೋಗಬೇಕು, ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನೇ ಕೇಳಿದರು. ಶುಕ್ರವಾರ ಮುಗ್ಗಿಗೆ ಹನ್ನೆರಡು ನಿಮಿಷ ಹಿಡಿಯಿತು. ಎಲ್ಲ ಮರೆತ ಆ ತಲೆಗೆ ಶುಕ್ರವಾರ ಎಂದು ಯಾರು ಹೇಳಿದರೋ, ಕೈ ತಾನಾಗಿ ಎಂಟು ದಳದ ಕಮಲ ಎಳೆಯಿತು.

“ಸಿಕ್ತು,” ಎಂದರು ಅತ್ತೆ. “ನೀನು, ನಿನ್ನ ಕಂಪನಿ, ನಾನೂ ಸೇರಿ, ಎಲ್ಲರೂ ಬಾಗಿಲನ್ನ ಕಾಯ್ತಾ ಕೂತ್ವಿ. ಬಾಗಿಲು ಸಾವಿರ ಸಲ ತೆಗೆಯುತ್ತೆ. ಕಾಯಬೇಕಾದ್ದು ಮುಗ್ಗಿನ ಡಬ್ಬಿನ.”

ಹಳೆಯ ಫ್ರಿಜ್ಜಿನ ಬಾಗಿಲಲ್ಲಿ ದೀಪಕ್ಕೆಂದು ಒತ್ತುಗುಂಡಿ ಇರುತ್ತದಲ್ಲ, ಅದನ್ನು ಕಪಾಟಿನಲ್ಲಿ ಮುಗ್ಗಿನ ಡಬ್ಬಿಯ ಕೆಳಗೆ ಕೂರಿಸಿದರು. ಡಬ್ಬಿ ಅಲ್ಲೇ ಇದ್ದು ಬಾಗಿಲು ತೆರೆದರೆ, ಅಜ್ಜಿ ತವರಿಗೆ ಹೊರಟಿದ್ದಾರೆ, ತಕ್ಷಣ ಗಂಟೆ. ಡಬ್ಬಿ ಎತ್ತಿ ಬಾಗಿಲು ತೆರೆದರೆ, ಮುಗ್ಗಿಗೆ ಹೊರಟಿದ್ದಾರೆ, ತೊಂದರೆ ಕೊಡಬೇಡ. ಆದರೆ ಒಂಬತ್ತು ನಿಮಿಷದಲ್ಲಿ ಡಬ್ಬಿ ಜಾಗಕ್ಕೆ ಬರದಿದ್ದರೆ ಗಂಟೆ. ಶುಕ್ರವಾರ ಹದಿನಾಲ್ಕು ನಿಮಿಷ. ಅತ್ತೆ ತಾವು ಹೊರಡುವಾಗ ಡಬ್ಬಿಯ ಪಕ್ಕದ ಇನ್ನೊಂದು ಗುಂಡಿ ಒತ್ತಿ ಬಾಗಿಲು ತೆಗೆಯಬೇಕು. ಇಷ್ಟೇ. ಪ್ರೋಗ್ರಾಂ ಒಂದು ಪುಟ ದಾಟಲಿಲ್ಲ. ಅದರಲ್ಲೂ ಶುಕ್ರವಾರದ ಸಾಲನ್ನು ನಾನು ಬರೆದು ತಪ್ಪು ಮಾಡಿದೆ. ಶುಕ್ರವಾರದ ರಿಯಾಯಿತಿ ಗುರುವಾರಕ್ಕೆ ಹೋಗಿತ್ತು. ಅತ್ತೆ ನನ್ನನ್ನು ಎಬ್ಬಿಸಿ ತಾವೇ ಕೂತು ತಿದ್ದಿದರು.

ಹಸಿರು ದೀಪ ಮತ್ತೆ ಮಿಣುಕತೊಡಗಿತು. ಆಗಲೇ ನನಗೆ ಅದರ ಅರ್ಥವಾದದ್ದು. ನಾನು ದೇವರೆಂದುಕೊಂಡಿದ್ದ ಆ ದೀಪ ‘ನಾನು ಬದುಕಿದ್ದೇನೆ’ ಎಂದು ಹೇಳುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ನಿಂತುಹೋದರೆ ನಿಂತುಹೋಗಿದೆ ಎಂದು ಯಾರಿಗಾದರೂ ಕಾಣುತ್ತದೆ. ನಾಲ್ಕು ಪ್ಯಾರಾ ಬೇಕಾಗಿಲ್ಲ.

ಉಳಿದದ್ದು ಅತ್ತೆ ಮನೆಯಲ್ಲಿಲ್ಲದಾಗಿನ ಮಾತು. ಭಾನುವಾರ ಬೆಳಿಗ್ಗೆ ಕಾಲೇಜಿನ ಎರಡನೆಯ ಗಂಟೆಯನ್ನು ಬಾಬ್ಜಿಯ ಇಸ್ತ್ರಿ ಗಾಡಿ ನಿಲ್ಲುವ ಬೇವಿನ ಮರಕ್ಕೆ ಕಟ್ಟುವುದೆಂದಾಯಿತು. ನಮ್ಮ ಗೇಟಿನಿಂದ ಅಲ್ಲಿಗೆ ಕಾಂಪೌಂಡುಗಳ ಮೇಲೆ ಹಳೆಯ ಟೆಲಿಫೋನ್ ವೈರು. ಮಾವ ಬಸ್ಸಿಳಿದು ಬಂದವರು ಚೀಲ ಕೆಳಗಿಡದೆ ನೋಡುತ್ತ ನಿಂತರು. ಬಾಬ್ಜಿ ಕೆನ್ನೆ ಸವರಿಕೊಂಡು, “ಈ ಸಲ ಗಂಟೆ ಹೊಡೆದ್ರೆ ನಾನು ಹಿಂದಿನಿಂದ ಹಿಡಿಯಲ್ಲ ಅಕ್ಕ, ಮುಂದಿನಿಂದ ಹೋಗಿ ನಮಸ್ಕಾರ ಹಾಕ್ತೀನಿ,” ಎಂದು ತೆಲುಗಿನಲ್ಲಿ ಹೇಳಿದ. ಅತ್ತೆ ಮೂರು ದಿನದಲ್ಲಿ ಮೊದಲ ಸಲ ನಕ್ಕರು. ನನ್ನ ಕಡೆ ತಿರುಗಿದಾಗ ಆ ನಗು ಇರಲಿಲ್ಲ.

ಅಜ್ಜಿ ಡಬ್ಬಿ ಎತ್ತಿಕೊಂಡು ಹೊರಗೆ ಬಂದರು. ಗಂಟೆ ಹೊಡೆಯಲಿಲ್ಲ. ನೀರು ಚಿಮುಕಿಸಿ ಚುಕ್ಕಿ ಇಡತೊಡಗಿದರು. ಮಾವ ಗಡಿಯಾರ ನೋಡಿಕೊಂಡರು. ಏಳನೆಯ ನಿಮಿಷಕ್ಕೆ ಅಜ್ಜಿ ಎದ್ದು ಒಳಗೆ ಹೋದರು, ಡಬ್ಬಿ ಜಾಗಕ್ಕೆ ಬಿತ್ತು. ಮಾವ ಗ್ರಿಲ್ಲಿನಲ್ಲಿ ನೇತಾಡುತ್ತಿದ್ದ ಬೀಗವನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅತ್ತೆ ಬೇವಿನ ಮರಕ್ಕೆ ಒರಗಿಸಿದ ಏಣಿಯ ಮೇಲಿದ್ದರು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು. ನಾನು ಕೆಳಗೆ ಏಣಿ ಹಿಡಿದಿದ್ದೆ. ಕೇಳಬಾರದಿತ್ತು, ಕೇಳಿದೆ.

“ಅತ್ತೆ, ಆವತ್ತು ಅಜ್ಜಿ ಸಿಗದೇ ಹೋಗಿದ್ರೆ, ನನ್ನನ್ನ ಕ್ಷಮಿಸ್ತಿದ್ರಾ?”

ಅವರು ಬಾಯಿಂದ ಮೊಳೆ ತೆಗೆದರು.

“ಸಿಕ್ಕಿದ್ದಾರಲ್ಲ, ಆದ್ರೂ ಕ್ಷಮಿಸಿಲ್ಲ. ಏಣಿ ಸರಿಯಾಗಿ ಹಿಡ್ಕೋ.”